ಗೆಳೆಯನಿಗೊಂದು ಪತ್ರ: ಅರ್ಧ ಜನ ನಕ್ಕರು, ಅರ್ಧ ಜನ ನೆಲ ನೋಡಿದರು

ಗೆಳೆಯಾ,

ದಾಳ ಹಾಕಿ, ಪಾತ್ರವಾಗಿ ಮಾತಾಡಿ ಆಡುವ ಮೇಜಿನ ಆಟದವರ ಮೇಲಿನ ಅಮೆರಿಕದ ಡಾರ್ಕ್ ಕಾಮಿಡಿ ‘ಜೀರೋ ಕರಿಸ್ಮಾ’ ಹಾಕಿದ ರಾತ್ರಿ ನಿನ್ನ ಬೋರ್ಡ್ ಗೇಮ್ ಗುಂಪಿನಲ್ಲಿ ಅರ್ಧ ಜನ ಬಿದ್ದು ಬಿದ್ದು ನಕ್ಕರು, ಉಳಿದವರು ನೆಲ ನೋಡುತ್ತ ಕೂತರು, ಮುಗಿಯುವ ಮೊದಲೇ ಒಬ್ಬ ‘ಇದು ನಮ್ಮನ್ನ ಹಂಗಿಸೋಕೆ ತೆಗೆದ ಸಿನಿಮಾ’ ಅಂತ ಎದ್ದು ಹೋದ ಅಂತ ಬರೆದಿದ್ದೀಯ. ಆರಿಸಿದ್ದು ತಪ್ಪಾಯಿತಾ, ತೋರಿಸಿದ ರೀತಿ ತಪ್ಪಾಯಿತಾ ಅಂತ ಕೇಳಿದ್ದೀಯ. ಆಯ್ಕೆ ತಪ್ಪಲ್ಲ ಮಾರಾಯ. ತೋರಿಸಿದ ರೀತಿಯಲ್ಲಿ ಒಂದೆರಡು ಎಡವಟ್ಟಾಗಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಆ ಸಿನಿಮಾ 2013ರಲ್ಲಿ ಬಂದಾಗಿನಿಂದ ನೋಡುವವರನ್ನು ಹೀಗೇ ಎರಡು ಪಾಲು ಮಾಡುತ್ತ ಬಂದಿದೆ. ಯಾವ ಪಾಲಿಗೆ ಯಾರು ಬೀಳುತ್ತಾರೆ ಅನ್ನುವುದು ಮಾತ್ರ ಈ ಹತ್ತು ಹನ್ನೆರಡು ವರ್ಷದಲ್ಲಿ ತಲೆಕೆಳಗಾಗಿದೆ.

ಮೊದಲು ಹೆಸರು. ನಕ್ಕ ಅರ್ಧದಲ್ಲಿ ಎಷ್ಟು ಜನಕ್ಕೆ ಹೆಸರಿನ ತಮಾಷೆ ಗೊತ್ತಾಯಿತೋ ಕೇಳಿ ನೋಡು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಸೇರಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಅನ್ನುವ ಈ ಬಗೆಯ ಆಟ ತಂದಾಗಲೇ, ಆಡುವವರು ವಹಿಸುವ ಪ್ರತಿ ಪಾತ್ರಕ್ಕೂ ಆರು ಅಂಕಗಳು ನಿಗದಿಯಾಗಿದ್ದವು: ಶಕ್ತಿ, ಬುದ್ಧಿ, ವಿವೇಕ, ತ್ರಾಣ, ಚುರುಕು, ವರ್ಚಸ್ಸು ಅಂದರೆ ಕರಿಸ್ಮಾ. ಆರುಮುಖದ ಮೂರು ದಾಳ ಹಾಕಿ ಕೂಡಿಸಿದರೆ ಒಂದು ಅಂಕ. ತೀರಾ ಕಡಿಮೆ ಅಂದರೆ 3, ಹೆಚ್ಚೆಂದರೆ 18. ಎರಡಕ್ಕೂ 216ರಲ್ಲಿ ಒಂದೇ ದಾರಿ. 10 ಅಥವಾ 11 ಬೀಳುವುದು ನಾಲ್ಕು ಸಲಕ್ಕೊಮ್ಮೆ. ಸೊನ್ನೆ ಬೀಳಲು ದಾರಿಯೇ ಇಲ್ಲ. ದಾಳದಿಂದ ಬಾರದ ಸೊನ್ನೆ ಬರುವುದು ಶಾಪದಿಂದ, ವಿಷದಿಂದ, ಏನೋ ಒಂದು ಹೀರಿಕೊಂಡಾಗ. 2000ದಲ್ಲಿ ಬಂದ ಮೂರನೆಯ ಆವೃತ್ತಿಯ ನಿಯಮ ಹೇಳುವುದು ಇಷ್ಟು: ವರ್ಚಸ್ಸು ಸೊನ್ನೆಗೆ ಇಳಿದರೆ ಆ ಪಾತ್ರ ತನ್ನೊಳಗೇ ಮುದುಡಿಕೊಂಡು, ಜಡವಾಗಿ, ಅಸಹಾಯಕವಾಗಿ ಬಿದ್ದಿರುತ್ತದೆ. ಆಡುವವನಿಗೆ ಆ ಹೆಸರೇ ರೋಗಪತ್ತೆಯ ಚೀಟಿ. ಆಡದವನಿಗೆ ಅದು ‘ಯಾರಿಗೂ ಬೇಡದ ಪುಣ್ಯಾತ್ಮ’ ಅನ್ನುವ ಗೇಲಿ, ಅಷ್ಟೇ. ಸಿನಿಮಾ ಶುರುವಾಗುವ ಮೊದಲೇ ಇಬ್ಬರು ಬೇರೆ ಬೇರೆ ಸಿನಿಮಾ ನೋಡಲು ಕೂತಾಯಿತು.

ಇನ್ನೊಂದು ಒಳನಗು ಇದೆ. ಆಡುವವರು ಪಾತ್ರ ಕಟ್ಟುವಾಗ ಒಳ್ಳೆ ಅಂಕಗಳನ್ನೆಲ್ಲ ಶಕ್ತಿಗೋ ಚುರುಕಿಗೋ ಕೊಟ್ಟು, ಕೆಟ್ಟದ್ದನ್ನು ವರ್ಚಸ್ಸಿಗೆ ತಳ್ಳುವುದು ಹಳೇ ಚಾಳಿ. ಅದಕ್ಕೆ ಅವರ ಬಾಯಲ್ಲಿ ‘ಡಂಪ್ ಸ್ಟ್ಯಾಟ್’ ಅಂತಲೇ ಹೆಸರು, ಕಸ ಸುರಿಯುವ ಜಾಗ. ‘ಮಾತಾಡೋದು ತಾನೆ, ಅದಕ್ಕೇನು ಅಂಕ’ ಅನ್ನುವ ಧೋರಣೆ. ಕತೆಯ ನಾಯಕ ಸ್ಕಾಟ್ ಬದುಕಿನಲ್ಲೂ ಅದನ್ನೇ ಮಾಡಿದ್ದಾನೆ.

ಕತೆ ನಿನಗೆ ಗೊತ್ತು. ಅಜ್ಜಿಯ ಮನೆಯಲ್ಲಿರುವ ದಡೂತಿ ಆಸಾಮಿ, ಮೆಟಲ್ ಸಂಗೀತ, ಬಣ್ಣ ಬಳಿದ ಪುಟ್ಟ ಗೊಂಬೆಗಳು, ವರ್ಷಗಟ್ಟಲೆ ಕೂತು ತಾನೇ ಹೆಣೆದ ಆಟ, ಅದನ್ನು ಗುಂಪಿಗೆ ಆಡಿಸುವವನೂ ತಾನೇ. ಗುಂಪಿನಲ್ಲೊಬ್ಬ ಸಂಸಾರ ಉಳಿಸಿಕೊಳ್ಳಲು ಆಟ ಬಿಡುತ್ತಾನೆ. ಖಾಲಿ ಕುರ್ಚಿಗೆ ಮೈಲ್ಸ್ ಬರುತ್ತಾನೆ. ಚೆಂದದ ಮಾತು, ಸ್ವಂತ ವೆಬ್‌ಸೈಟು, ಗೆಳತಿ, ಎಲ್ಲ ಇರುವವನು. ಸ್ಕಾಟ್ ಆಗಿ ಸ್ಯಾಮ್ ಐಡ್‌ಸನ್, ಮೈಲ್ಸ್ ಆಗಿ ಗ್ಯಾರೆಟ್ ಗ್ರಹಾಂ. ನಿರ್ದೇಶನ ಕೇಟಿ ಗ್ರಹಾಂ ಮತ್ತು ಆ್ಯಂಡ್ರ್ಯೂ ಮ್ಯಾಥ್ಯೂಸ್. ನಿನ್ನ ಮೆಸೇಜಿನಲ್ಲಿ ಇಲ್ಲದ ಒಂದು ವಿಷಯ ಇದೆ, ಅದರಲ್ಲೇ ನಿನ್ನ ಪ್ರಶ್ನೆಗೆ ಅರ್ಧ ಉತ್ತರವೂ ಇದೆ: ಅಂದು ನೋಡಿದವರಲ್ಲಿ ಆಡುವವರು ಎಷ್ಟು, ಆಡದವರು ಎಷ್ಟು, ಆಡಿಸುವವರು ಎಷ್ಟು? ಆಡುವವರು ಮತ್ತು ಆಡಿಸುವವರು ಒಂದೇ ಜಾತಿಯಲ್ಲ.

ನಿನಗೆ ತಾಳಮದ್ದಳೆಯ ರುಚಿ ಇರುವುದರಿಂದ ಇದನ್ನು ಹೇಳುವುದು ಸುಲಭ. ಅಲ್ಲೂ ವೇಷವಿಲ್ಲ, ಕುಣಿತವಿಲ್ಲ. ಕೂತವರು ಪಾತ್ರವಾಗಿ ಮಾತಾಡುತ್ತಾರೆ, ಆ ಮಾತನ್ನು ಮೊದಲೇ ಯಾರೂ ಬರೆದುಕೊಟ್ಟಿಲ್ಲ. ಭಾಗವತರು ಪದ್ಯ ಎತ್ತಿ ಕತೆಯನ್ನು ಮುಂದಕ್ಕೆ ಒಯ್ಯುತ್ತಾರೆ. ಆಟ ಆಡಿಸುವವನು, ಗೇಮ್ ಮಾಸ್ಟರ್, ಅಂದರೆ ಹೆಚ್ಚುಕಮ್ಮಿ ಆ ಭಾಗವತರು. ಸಾಲದ್ದಕ್ಕೆ ಎದುರಿನ ಅರ್ಥಧಾರಿಯೂ ಅವನೇ, ಯಾರ ಮಾತು ನಡೆಯಿತು ಅಂತ ತೀರ್ಪು ಕೊಡುವವನೂ ಅವನೇ. ಆದರೆ ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಕದಲುವುದಿಲ್ಲ. ವಾಲಿಯ ಅರ್ಥ ಹೇಳುವವರು ರಾಮನನ್ನು ಎಷ್ಟೇ ತಬ್ಬಿಬ್ಬು ಮಾಡಲಿ, ವಾಲಿ ಸಾಯಲೇಬೇಕು. ಮೇಜಿನ ಆಟದಲ್ಲಿ ವಾಲಿ ಬದುಕಬಹುದು. ದಾಳ ಹಾಗೆ ಬಿದ್ದರೆ ರಾಮನ ಬಾಣವೇ ಗುರಿ ತಪ್ಪಬಹುದು. ಸ್ಕಾಟ್ ಆಟ ಆಡಿಸುತ್ತಿದ್ದೇನೆ ಅಂದುಕೊಂಡು ಪ್ರಸಂಗ ನಡೆಸುತ್ತಿದ್ದಾನೆ. ಕೊನೆ ಅವನ ತಲೆಯಲ್ಲಿ ಎಂದೋ ಬರೆದಾಗಿದೆ, ಉಳಿದವರು ಅಲ್ಲಿಗೆ ನಡೆದು ಬರಬೇಕು. ಆಟದವರು ಇದನ್ನು ‘ರೈಲ್‌ರೋಡಿಂಗ್’ ಅನ್ನುತ್ತಾರೆ, ಹಳಿ ಬಿಟ್ಟು ಇಳಿಯುವಂತಿಲ್ಲ.

ಇದು ಕಿವಿಗೆ ಬೀಳುವುದು ಒಂದು ಸಣ್ಣ ಜಾಗದಲ್ಲಿ. ಆಟಗಾರ ‘ನಾನು ಹೀಗೆ ಮಾಡ್ತೀನಿ’ ಅಂದಾಗ ಗೇಮ್ ಮಾಸ್ಟರನ ಬಾಯಲ್ಲಿ ನಾಲ್ಕೇ ಉತ್ತರ ಇರುತ್ತವೆ. ‘ಸರಿ, ಆಯ್ತು.’ ‘ದಾಳ ಹಾಕು, ನೋಡೋಣ.’ ‘ಆಗುತ್ತೆ, ಆದರೆ ಇಷ್ಟು ಬೆಲೆ ತೆರಬೇಕು.’ ‘ಆಗಲ್ಲ.’ ಮೊದಲ ಮೂರರಲ್ಲಿ ಆಟ ನಡೆಯುತ್ತದೆ. ನಾಲ್ಕನೆಯದು ಉಪ್ಪು, ಚಿಟಿಕೆ ಬೇಕು, ಹಿಡಿ ಬಿದ್ದರೆ ಊಟವನ್ನೇ ಚೆಲ್ಲಬೇಕು. ಸ್ಕಾಟ್ ನಾಲ್ಕನೆಯದನ್ನು ಹಿಡಿಗಟ್ಟಲೆ ಹಾಕುತ್ತಾನೆ. ಆಡದವರಿಗೆ ಅದು ‘ಆಟದ ನಿಯಮ ಇರಬೇಕು’ ಅನಿಸುತ್ತದೆ, ಹಾಗಾಗಿ ಅವರು ಅವನ ಮುಖ, ದನಿ, ಗತ್ತು ನೋಡಿ ನಗುತ್ತಾರೆ. ಆಡುವವರಿಗೆ ಗೊತ್ತು, ಅಲ್ಲಿ ನಿಯಮ ಯಾವುದೂ ಇಲ್ಲ, ಇರುವುದು ಅವನ ಅಹಂಕಾರ ಮಾತ್ರ. ಅವರೂ ನಗುತ್ತಾರೆ, ತಮ್ಮ ಹಳೆಯ ಮಾಸ್ಟರೊಬ್ಬನನ್ನು ನೆನೆದು, ಪಕ್ಕದವನ ಮೊಣಕೈ ತಿವಿದು ನಗುತ್ತಾರೆ. ನಗದೆ ಕೂರುವವರು ಮೂರನೆಯವರು, ಆಡಿಸುವವರು. ಮೇಜಿನ ಮೇಲಿನ ಪುಟ್ಟ ಮರೆಯ ಹಿಂದೆ ಕೂತು, ತಿಂಗಳುಗಟ್ಟಲೆ ಬರೆದ ನಕ್ಷೆಯನ್ನು ಆಟಗಾರರು ಐದು ನಿಮಿಷದಲ್ಲಿ ಬದಿಗೆ ತಳ್ಳಿ ಬೇರೆ ಊರಿಗೆ ಹೊರಟಾಗ, ನಾಲಿಗೆಯ ತುದಿಗೆ ಬಂದ ‘ಆಗಲ್ಲ’ವನ್ನು ನುಂಗಿದವರು. ಕೆಲವೊಮ್ಮೆ ನುಂಗದವರು. ಎದ್ದು ಹೋದವನು ನಿನ್ನ ಗುಂಪಿಗೆ ಆಟ ಆಡಿಸುವವನೇ ಆಗಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಒಂದು ದೃಶ್ಯವನ್ನು ಮಾತ್ರ ಹತ್ತಿರದಿಂದ ನೋಡು. ‘ಸ್ಟಾರ್ ವಾರ್ಸ್’ನ ನೌಕೆ ‘ಮಿಲೆನಿಯಂ ಫಾಲ್ಕನ್’ ವೇಗವೋ ‘ಸ್ಟಾರ್ ಟ್ರೆಕ್’ನ ‘ಎಂಟರ್‌ಪ್ರೈಸ್’ ವೇಗವೋ ಅನ್ನುವ ತಕರಾರನ್ನು ಮೈಲ್ಸ್ ಲೆಕ್ಕ ಹೇಳಿ ಬಗೆಹರಿಸುವುದು. ಆಡದವರು ಪ್ರಶ್ನೆಗೇ ನಗುತ್ತಾರೆ: ದೊಡ್ಡ ಗಂಡಸರು, ಇದಕ್ಕೆ ಜಗಳ! ಆಡುವವರು ಆ ಹೊತ್ತಿಗೆ ಸುಮ್ಮನಿರುತ್ತಾರೆ, ಲೆಕ್ಕ ಸರಿಯೇ ಅಂತ ಮನಸ್ಸಿನಲ್ಲಿ ನೋಡುತ್ತಿರುತ್ತಾರೆ. ಅವರು ನಗುವುದು ಎರಡು ಕ್ಷಣ ತಡವಾಗಿ, ಸ್ಕಾಟ್‌ನ ಮುಖ ಕಂಡಾಗ. ಈ ಬಳಗದಲ್ಲಿ ನೆನಪೇ ರೊಕ್ಕ. ಹಣ, ಅಂದ, ನೌಕರಿ ಯಾವುದೂ ಆ ಮೇಜಿನ ಮೇಲೆ ನಡೆಯುವುದಿಲ್ಲ, ಯಾರಿಗೆ ಎಷ್ಟು ಗೊತ್ತು ಅನ್ನುವುದು ಮಾತ್ರ ನಡೆಯುತ್ತದೆ. ಹೊರಗೆ ಎಲ್ಲ ಇರುವವನು ಬಂದು ಒಳಗಿನ ಈ ಒಂದು ರೊಕ್ಕವನ್ನೂ ಬಾಚಿಕೊಂಡ. ಸ್ಕಾಟ್ ಕೆಟ್ಟವನೇ, ಆದರೆ ಆ ಕ್ಷಣದಲ್ಲಿ ಅವನಿಗೆ ಆದದ್ದು ದರೋಡೆ.

ಅಂದಹಾಗೆ, ಮುಂದಿನ ಸಲ ಚರ್ಚೆಯಲ್ಲಿ ಈ ಪ್ರಶ್ನೆ ಎದ್ದರೆ ಕತ್ತು ಹಿಸುಕಿ ಬಿಡು, ಅರ್ಧ ಗಂಟೆ ನುಂಗುತ್ತದೆ. 1977ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಫಾಲ್ಕನ್ ಬೆಳಕಿನ ವೇಗ ದಾಟಿ ‘ಪಾಯಿಂಟ್ ಐದು’ ಹೋಗುತ್ತದೆ ಅಂತ ಒಂದು ಮಾತಿದೆ, ಅದರ ಅರ್ಥವೇನು ಅಂತ ಸಿನಿಮಾ ಬಿಡಿಸಿ ಹೇಳುವುದಿಲ್ಲ. ಎಂಟರ್‌ಪ್ರೈಸಿನ ವೇಗ ಹೇಳುವ ‘ವಾರ್ಪ್’ ಅಂಕವನ್ನು ಹಳೆಯ ಸರಣಿಗೆ ಘನ ಮಾಡಿ ನೋಡುವ ರೂಢಿ, ಅಂದರೆ ವಾರ್ಪ್ 8ಕ್ಕೆ ಬೆಳಕಿನ 512 ಪಟ್ಟು. ಆಮೇಲಿನ ಸರಣಿಯಲ್ಲಿ ಆ ಅಳತೆಗೋಲನ್ನೇ ಬದಲಿಸಿ ವಾರ್ಪ್ 10 ಅಂದರೆ ಅನಂತ ಅಂತ ಮಾಡಿದರು. ಒಂದು ಸೇರು, ಇನ್ನೊಂದು ಮೊಳ, ಹೋಲಿಸುವುದು ಹೇಗೆ.

ಈಗ ಕಾಲದ ಮಾತು. ಸಿನಿಮಾ ಮೊದಲು ತೆರೆ ಕಂಡದ್ದು 2013ರ ಮಾರ್ಚಿನಲ್ಲಿ, ಟೆಕ್ಸಾಸಿನ ಆಸ್ಟಿನ್‌ನ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ. ಅದು ಇದ್ದ ವಿಭಾಗದ ಪ್ರೇಕ್ಷಕರ ಪ್ರಶಸ್ತಿ ಅದಕ್ಕೇ ಹೋಯಿತು. ಜನರೇ ಮತ ಹಾಕಿ ಕೊಟ್ಟ ಪ್ರಶಸ್ತಿ ಅಂತ ಇದನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ಹೇಳಲಿ. ಆದರೆ ಅದು ತವರು ಪಿಚ್. ಚಿತ್ರ ತಯಾರಾದದ್ದೂ ಆಸ್ಟಿನ್‌ನಲ್ಲೇ, ತೆಗೆದವರೂ ಅಲ್ಲಿನವರೇ, ಹಣ ಸ್ವಲ್ಪ ಬಂದದ್ದೂ ಇಂಡಿಗೋಗೋ ಮೂಲಕ ಜನ ಕೂಡಿಸಿದ್ದು. ಉತ್ಸವಕ್ಕೆ ಬರುವವರು ಈ ಜಗತ್ತನ್ನು ಒಳಗಿನಿಂದ ಬಲ್ಲವರು ಅಥವಾ ಬಲ್ಲೆವು ಅಂದುಕೊಂಡವರು. ತುಂಬಿದ ಹಾಲಿನಲ್ಲಿ ಮುಜುಗರದ ನಗು ಒಬ್ಬರಿಂದ ಒಬ್ಬರಿಗೆ ಆಕಳಿಕೆಯ ಹಾಗೆ ಹಬ್ಬುತ್ತದೆ. ಅಕ್ಟೋಬರಿನಲ್ಲಿ ಅದೇ ಸಿನಿಮಾ ‘ವೀಡಿಯೋ ಆನ್ ಡಿಮ್ಯಾಂಡ್’ ಆಗಿ ಮನೆಮನೆಗೆ ಹೋದಾಗ ನೋಡುವವನು ಒಬ್ಬಂಟಿ, ನಗು ಹಬ್ಬಿಸುವವರು ಪಕ್ಕದಲ್ಲಿಲ್ಲ, ಮುಜುಗರ ಅಷ್ಟೂ ಅವನೊಬ್ಬನ ಮೈಮೇಲೆ. ಹಾಲಿನಲ್ಲಿ ಕಾಮಿಡಿ ಆಗಿದ್ದದ್ದು ಸೋಫಾದ ಮೇಲೆ ಡಾರ್ಕ್ ಆಯಿತು. ‘ನಗು ಬರಲಿಲ್ಲ, ಸಂಕಟವಾಯಿತು’ ಅನ್ನುವ ದೂರು ಈ ಸೋಫಾದ ಕಡೆಯದು. ಡಾರ್ಕ್ ಕಾಮಿಡಿಯನ್ನು ಎಷ್ಟು ಜನ ಸೇರಿ ನೋಡುತ್ತಾರೆ ಅನ್ನುವುದು ಅಡುಗೆಯಲ್ಲಿ ಉರಿ ಇದ್ದ ಹಾಗೆ. ಸಾಮಾನು ಅದೇ, ಪಾಕ ಬೇರೆ.

ಹಂಚಿಕೆ ಯಾರದು ಅಂತ ನೋಡಿದರೆ ಇನ್ನೂ ಮಜಾ. ಟ್ರೈಬೆಕಾ ಫಿಲ್ಮ್ ಜೊತೆ ನರ್ಡಿಸ್ಟ್ ಸಂಸ್ಥೆ ಸೇರಿ ಕೊಂಡಿತು. ಹಿಂದೆ ಶಾಲೆಯಲ್ಲಿ ಒದೆ ತಿನ್ನಿಸುತ್ತಿದ್ದ ಹುಚ್ಚುಗಳನ್ನೆಲ್ಲ ಪಾಡ್‌ಕಾಸ್ಟು, ವೆಬ್‌ಸೈಟು, ವೀಡಿಯೋ ಮಾಡಿ ಫ್ಯಾಶನ್ ಆಗಿಸಿದ ಕಂಪನಿ ಅದು. ಕತೆಯೊಳಗೆ ಆ ಕೆಲಸ ಯಾರದು? ಮೈಲ್ಸ್‌ನದು. ಸ್ಕಾಟ್‌ನ ಸಿಟ್ಟನ್ನು ಮೈಲ್ಸ್‌ನ ಅಂಗಡಿಯಲ್ಲೇ ಇಟ್ಟು ಮಾರಿದರು. ಇದು ನಿರ್ದೇಶಕರ ತಪ್ಪಲ್ಲ, ಬೇರೆ ಯಾರು ಕೊಳ್ಳುತ್ತಿದ್ದರು?

2013ರ ಆಟಗಾರ ಈ ಸಿನಿಮಾ ನೋಡುವಾಗ ಮೈಲ್ಸ್ ಹೊರಗಿನವನು. ಬೇಲಿ ಹಾರಿ ಬಂದವನು, ರುಚಿ ನೋಡಿ ಹೋಗುವವನು. ಸ್ಕಾಟ್‌ನನ್ನು ಸಹಿಸಲಾಗದಿದ್ದರೂ ‘ನಮ್ಮವನು’. ಆಮೇಲೆ 2014ರಲ್ಲಿ ಆಟದ ಐದನೆಯ ಆವೃತ್ತಿ ಬಂತು, ಕಲಿಯಲು ಸುಲಭವಾಯಿತು. 2015ರ ಮಾರ್ಚಿನಲ್ಲಿ ‘ಕ್ರಿಟಿಕಲ್ ರೋಲ್’ ಅನ್ನುವ ವೆಬ್ ಕಾರ್ಯಕ್ರಮ ಶುರುವಾಗಿ, ದನಿ ಕೊಡುವ ವೃತ್ತಿ ಕಲಾವಿದರು ಗಂಟೆಗಟ್ಟಲೆ ಆಡುವುದನ್ನು ಲಕ್ಷಾಂತರ ಜನ ಕೂತು ನೋಡತೊಡಗಿದರು. 2016ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ಮೊದಲ ಕಂತಿನಲ್ಲೇ ನಾಲ್ಕು ಹುಡುಗರು ನೆಲಮಾಳಿಗೆಯಲ್ಲಿ ದಾಳ ಎಸೆಯುವುದನ್ನು ತೋರಿಸಿತು. ಬೆಂಗಳೂರಿನ ಕೆಫೆಗಳಲ್ಲಿ ಇಂದು ಆಡುವ ಹುಡುಗ ಹುಡುಗಿಯರಲ್ಲಿ ಬಹುಪಾಲು ಈ ಬಾಗಿಲಿನಿಂದ ಒಳಬಂದವರು. ಅವರಿಗೆ ಈ ಆಟ ಆಡುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ನೌಕರಿ ಇದೆ, ಗೆಳತಿ ಗೆಳೆಯರಿದ್ದಾರೆ, ಇನ್‌ಸ್ಟಾಗ್ರಾಮ್‌ನಲ್ಲಿ ದಾಳದ ಫೋಟೋ ಇದೆ. ಅಂದರೆ ಇಂದಿನ ಹಾಲಿನಲ್ಲಿ ಕೂತವರು ಹೆಚ್ಚಾಗಿ ಮೈಲ್ಸ್‌ಗಳು. ಅವರು ಸಿನಿಮಾ ನೋಡಿ ‘ಮೈಲ್ಸ್ ಏನು ತಪ್ಪು ಮಾಡಿದ?’ ಅಂತ ನಿಜವಾಗಿಯೂ ಅರ್ಥವಾಗದೆ ಕೇಳುತ್ತಾರೆ. ನಿನ್ನ ಗುಂಪಿನಲ್ಲಿ ಬಿದ್ದು ನಕ್ಕವರ ವಯಸ್ಸು ನೋಡು. ನಾಲ್ಕನೆಯ ಆವೃತ್ತಿಗಿಂತ ಹಿಂದಿನ ಪುಸ್ತಕ ಕೈಯಲ್ಲಿ ಹಿಡಿದವರು ನೆಲ ನೋಡಿರುತ್ತಾರೆ, 2016ರ ಆಚೆ ಕಲಿತವರು ನಕ್ಕಿರುತ್ತಾರೆ ಅಂತ ನನ್ನ ಎಣಿಕೆ.

ಹೊಸಬರು ಕೇಳುವ ಇನ್ನೊಂದು ಪ್ರಶ್ನೆ: ‘ಇವರು ಸೆಷನ್ ಜೀರೋ ಯಾಕೆ ಮಾಡಲಿಲ್ಲ?’ ಮೊದಲ ಆಟಕ್ಕೆ ಮುಂಚೆ ಎಲ್ಲರೂ ಕೂತು, ಯಾವ ಧಾಟಿಯ ಕತೆ, ಏನು ಬೇಡ, ಯಾರಾದರೂ ಬಿಟ್ಟರೆ ಏನು ಮಾಡುವುದು ಅಂತ ಮಾತಾಡಿಕೊಳ್ಳುವುದು ಈಗ ಮಾಮೂಲು. 2020ರಲ್ಲಿ ಆಟ ತರುವ ಕಂಪನಿಯ ಅಧಿಕೃತ ಪುಸ್ತಕದಲ್ಲೂ ಅದು ಸೇರಿತು. ಸ್ಕಾಟ್‌ನ ಕಾಲದ ಮೇಜುಗಳಲ್ಲಿ ಅಷ್ಟಾಗಿ ಇದ್ದದ್ದಲ್ಲ. ಗುಂಪು ಒಡೆಯುವುದಕ್ಕೆ ರಾಕ್ಷಸ, ಡ್ರ್ಯಾಗನ್ ಯಾವುದೂ ಬೇಕಿಲ್ಲ. ನಾಲ್ಕು ಜನರ ರಜೆ ಒಂದೇ ದಿನ ಬೀಳದಿದ್ದರೆ ಸಾಕು. ಒಬ್ಬ ಬಿಟ್ಟರೆ ಆಟದೊಳಗೂ ತೂತು ಬೀಳುತ್ತದೆ. ಗಾಯ ವಾಸಿ ಮಾಡುವ ಪಾತ್ರ ಅವನದಾಗಿದ್ದರೆ ಉಳಿದವರು ಮುಂದಿನ ಕಾಳಗದಲ್ಲಿ ಸಾಯುತ್ತಾರೆ. ಹಾಗಾಗಿ ಸ್ಕಾಟ್ ಖಾಲಿ ಕುರ್ಚಿಗೆ ಜನ ಹುಡುಕುವ ಅವಸರ ಆಡದವರಿಗೆ ಹುಚ್ಚು, ಆಡುವವರಿಗೆ ವಾರವಾರದ ಪಾಡು.

ನಗದವರಲ್ಲಿ ಇನ್ನೊಂದು ಬಗೆ ಇದೆ, ಸಂಖ್ಯೆ ಕಡಿಮೆ. ಸಿನಿಮಾ ಅಂದರೇನೇ ಮೈಮುದುಡಿ ಕೂರುವವರು. ಅದಕ್ಕೆ ಕಾರಣ ಬಲು ಹಳೆಯದು. 1979ರಲ್ಲಿ ಮಿಷಿಗನ್‌ನ ಕಾಲೇಜು ಹುಡುಗನೊಬ್ಬ ಕಾಣೆಯಾದಾಗ ಪತ್ರಿಕೆಗಳು ಆಟದ ಮೇಲೆ ಗೂಬೆ ಕೂರಿಸಿದವು. 1982ರಲ್ಲಿ ಸಿಬಿಎಸ್ ವಾಹಿನಿಯಲ್ಲಿ, ಎಳೆಯ ಟಾಮ್ ಹ್ಯಾಂಕ್ಸ್ ಇರುವ ಟಿವಿ ಸಿನಿಮಾ ಬಂತು. ಆಡುತ್ತ ಆಡುತ್ತ ಹುಡುಗ ವಾಸ್ತವ ಮರೆಯುವ ಕತೆ. ನಂತರದ ವರ್ಷಗಳಲ್ಲಿ ಸೈತಾನನ ಆಟ ಅನ್ನುವ ಪ್ರಚಾರ ಅಮೆರಿಕದ ಚರ್ಚುಗಳವರೆಗೂ ಹೋಯಿತು. ಆ ಕಾಲ ಕಂಡವರು, ಅಥವಾ ಅಣ್ಣಂದಿರ ಬಾಯಲ್ಲಿ ಕೇಳಿದವರು, ಕ್ಯಾಮೆರಾ ತಮ್ಮ ಮೇಜಿನ ಕಡೆ ತಿರುಗಿದರೆ ಮೊದಲು ಕೇಳುವುದು ‘ಈ ಸಲ ನಮ್ಮನ್ನು ಏನು ಮಾಡ್ತಾರೆ?’ ಅಂತ. ನಮ್ಮಲ್ಲಿ ಆ ಚರಿತ್ರೆ ಇಲ್ಲ. ಮನೆಯವರ ಬೈಗುಳ ‘ಓದೋದು ಬಿಟ್ಟು ಇದೇನೋ’ ಅನ್ನುವಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಕರ್ನಾಟಕದಲ್ಲಿ ಯಾರಾದರೂ ಹಂಗಿಸಿದರು ಅಂದರೆ ಅದು ಸಮುದಾಯದ ಗಾಯಕ್ಕಿಂತ ಸ್ವಂತದ್ದೇ ಇರುವುದು ಹೆಚ್ಚು.

ಹಂಗಿಸುತ್ತದೆಯೇ ಅಂತ ನೇರವಾಗಿ ಕೇಳಿದರೆ, ಸ್ವಲ್ಪ ಹಂಗಿಸುತ್ತದೆ ಅನ್ನುತ್ತೇನೆ. ದಪ್ಪ, ಒರಟು, ಅಜ್ಜಿಯ ಮನೆ, ಇವೆಲ್ಲ ಸವೆದ ಅಚ್ಚು. ಮೇಜಿನ ಸುತ್ತ ಎಲ್ಲ ಗಂಡಸರೇ. ಆದರೆ ಅಜ್ಜಿಗೆ ಪಾರ್ಶ್ವವಾಯು ಬಡಿದು, ತಾಯಿ ಬಂದು, ಮನೆ ಮಾರುವ ಮಾತು ಎದ್ದಾಗ ಆ ಅಚ್ಚು ಒಡೆಯುತ್ತದೆ. ಆ ಆಟ ಅವನಿಗೆ ಯಾಕೆ ಬೇಕಾಯಿತು ಅನ್ನುವುದು ಅಲ್ಲಿ ಕಾಣುತ್ತದೆ. ಸ್ಯಾಮ್ ಐಡ್‌ಸನ್ ಒಂದು ಕ್ಷಣವೂ ಕನಿಕರ ಬೇಡುವುದಿಲ್ಲ, ಅದು ದೊಡ್ಡ ಮಾತು. ನನ್ನ ತಕರಾರು ಬೇರೆ. ಸ್ಕಾಟ್ ಚೆನ್ನಾಗಿ ಆಡಿಸಿದ ಒಂದು ಇಡೀ ರಾತ್ರಿಯನ್ನು ಸಿನಿಮಾ ನಿಂತು ನೋಡಬೇಕಿತ್ತು. ವೇಯ್ನ್‌ನಂಥ ನಿಷ್ಠಾವಂತ ಆಟಗಾರ ವಾರವಾರ ಯಾಕೆ ಬರುತ್ತಾನೆ? ಅಲ್ಲಿ ಏನೋ ರುಚಿ ಇದ್ದಿರಲೇಬೇಕು. ಅದು ಕಾಣದೆ ಹೋದರೆ ಆಡದವನ ಕಣ್ಣಿಗೆ ಸ್ಕಾಟ್ ಕಳೆದುಕೊಂಡದ್ದು ಏನೂ ಅಲ್ಲ. ಕೊನೆಯ ಬಗ್ಗೆ ಏನೂ ಬರೆಯುವುದಿಲ್ಲ, ಈ ಪತ್ರ ಹತ್ತು ಜನ ಓದುತ್ತಾರೆ.

ಆ ಕೊರತೆಯನ್ನು ನೀನು ತುಂಬಬಹುದು, ಮುಂದಿನ ತಿಂಗಳು ಇನ್ನೊಂದು ಗುಂಪಿಗೆ ತೋರಿಸುತ್ತೇನೆ ಅಂದಿದ್ದೀಯಲ್ಲ. ಸಿನಿಮಾಕ್ಕೆ ಮುಂಚೆ ಒಂದು ಗಂಟೆ ಆಟ ಇಡು. ಒಬ್ಬ ಮಾಸ್ಟರ್, ನಾಲ್ವರು ಆಟಗಾರರು, ಅವರಲ್ಲಿ ಇಬ್ಬರಾದರೂ ಹಿಂದೆ ಆಡದವರು. ಉಳಿದವರು ಸುತ್ತ ಕೂತು ನೋಡಲಿ. ಮೂರು ದಾಳ, ಆರು ಸಲ, ಬಿದ್ದದ್ದನ್ನು ಬಿದ್ದ ಸಾಲಿನಲ್ಲೇ ಬರೆದುಕೊಳ್ಳಲಿ, ಅದಲು ಬದಲು ಬೇಡ. ಯಾರಿಗಾದರೂ ವರ್ಚಸ್ಸು 6 ಬಿದ್ದರೆ, ಹೆಸರಿನ ಅರ್ಥ ಪುಕ್ಕಟೆ ಗೊತ್ತಾಗುತ್ತದೆ. ಪಾತ್ರ ಬರೆಯಲು ಹತ್ತು ನಿಮಿಷ, ಒಂದು ಸೇತುವೆ, ಕಾವಲುಗಾರ, ಆಚೆ ದಡದಲ್ಲಿ ಏನೋ ಒಂದು. ಮೊದಲ 40 ನಿಮಿಷ ಮಾಸ್ಟರ್ ಚೆನ್ನಾಗಿ ಆಡಿಸಲಿ, ಜನ ಕತೆಯೊಳಗೆ ಇಳಿಯಲಿ. ಆಮೇಲೆ ಮೂರು ಸಲ, ಕಾರಣ ಕೊಡದೆ, ದಾಳಕ್ಕೆ ಕೈ ಹಾಕಗೊಡದೆ, ‘ಆಗಲ್ಲ’ ಅನ್ನಲಿ. ಮೂರನೆಯದಕ್ಕೆ ಮೇಜು ತಣ್ಣಗಾಗುವುದು ಸುತ್ತ ಕೂತವರಿಗೂ ಕೇಳುತ್ತದೆ. ಅಲ್ಲಿಗೆ ನಿಲ್ಲಿಸಿ, ಇದು ಬೇಕಂತಲೇ ಮಾಡಿದ್ದು ಅಂತ ಹೇಳಿ, ಸಿನಿಮಾ ಹಾಕು. ಹೇಳುವುದನ್ನು ಮರೆತರೆ ಯಾರಾದರೂ ನಿಜವಾಗಿ ಮುನಿಸಿಕೊಳ್ಳುತ್ತಾರೆ. ಆಟಗಾರರಲ್ಲಿ ಒಬ್ಬನಿಗಾದರೂ ಮೊದಲೇ ಗುಟ್ಟು ಹೇಳಿಡುವುದು ಒಳ್ಳೆಯದು. ಆಟವನ್ನು ಸಿನಿಮಾ ಆದ ಮೇಲೆ ಮಾತ್ರ ಇಡಬೇಡ. ಎಲ್ಲರೂ ಸ್ಕಾಟ್‌ನ ಅಣಕ ಮಾಡುತ್ತ ಕೂರುತ್ತಾರೆ, ಆಟ ಹಾಳು.

ಅಂದು ನೀನು ಇಂಟರ್ವಲ್ ಕೊಟ್ಟೆ ಅಂತ ಬರೆದಿದ್ದೀಯಲ್ಲ, ಅದೇ ಮೊದಲ ಎಡವಟ್ಟು. ಒಂದೂವರೆ ಗಂಟೆಯೂ ಇಲ್ಲದ ಸಿನಿಮಾ ಅದು. ನಗು ಹಿಂಡಿ ಸಂಕಟ ಮಾಡುವುದೇ ಅದರ ಕೆಲಸ, ನಡುವೆ ಬಜ್ಜಿ ತಿಂದು ಬಂದರೆ ಹಿಂಡಿದ್ದೆಲ್ಲ ಸಡಿಲ. ತಿಂಡಿ ಮೊದಲೇ ಮುಗಿಸು. ಎರಡನೆಯದು, ಆಡುವವರೆಲ್ಲ ಹಿಂದಿನ ಸಾಲಿನಲ್ಲಿ ಒಟ್ಟಿಗೆ ಕೂತದ್ದು. ಅವರ ನಗು ಎಲ್ಲರಿಗೂ ಸೂಚನೆಯಾಯಿತು, ಅವರ ಮೌನ ಎಲ್ಲರಿಗೂ ಮಂಜಾಯಿತು. ಇಬ್ಬರು ಆಡದವರ ನಡುವೆ ಒಬ್ಬ ಆಡುವವನನ್ನು ಕೂರಿಸು. ಎಂಟು ಜನಕ್ಕಿಂತ ಕಡಿಮೆ ಇದ್ದರೆ ಮುಜುಗರದ ನಗು ಹೊತ್ತಿಕೊಳ್ಳುವುದೇ ಇಲ್ಲ. ಹನ್ನೆರಡರಿಂದ ಇಪ್ಪತ್ತು ಹದ. ಇಂಗ್ಲಿಷ್ ಸಬ್‌ಟೈಟಲ್ ಹಾಕು, ಮೇಜಿನ ದೃಶ್ಯಗಳಲ್ಲಿ ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ, ಉಚ್ಚಾರವೂ ಅಮೆರಿಕದ್ದು. ಬೈಗುಳ ಧಾರಾಳ, ಮಕ್ಕಳು ಬೇಡ. ಮನೆಯಲ್ಲಿ ನಾಲ್ಕು ಗೆಳೆಯರಿಗಾದರೆ ಬಾಡಿಗೆಯ ಪ್ರತಿ ಸಾಕು. ಹಾಲ್ ಹಿಡಿದು, ಪೋಸ್ಟರ್ ಹಚ್ಚಿ ಕರೆಯುವುದಾದರೆ ಹಕ್ಕುದಾರರ ಅನುಮತಿ ಬರಹದಲ್ಲಿ ತರಿಸಿಕೊ.

ಜನ ಏನಂದುಕೊಂಡರು ಅಂತ ತಿಳಿಯಬೇಕಾದರೆ ಬಾಯಲ್ಲಿ ಕೇಳಬೇಡ, ಮೊದಲು ಮಾತಾಡಿದವನ ಅಭಿಪ್ರಾಯವೇ ಊರಿನ ಅಭಿಪ್ರಾಯ ಆಗುತ್ತದೆ. ಸಿನಿಮಾದ ಕೊನೆಯಲ್ಲಿ ಹೆಸರುಗಳು ಓಡಲು ಶುರುವಾದ ಕೂಡಲೇ ಪೋಸ್ಟ್‌ಕಾರ್ಡ್ ಅಳತೆಯ ರಟ್ಟು, ಒಂದು ಪೆನ್ಸಿಲ್ ಕೊಡು. ಐದು ನಿಮಿಷ, ಮಾತು ಬೇಡ, ಹೆಸರು ಬರೆಯುವುದು ಬೇಡ. ಹೆಸರು ಹಾಕಿಸಿದರೆ ಎಲ್ಲರೂ ಸಭ್ಯರಾಗುತ್ತಾರೆ. ಆಡುತ್ತೀರಾ, ಆಡಿಸುತ್ತೀರಾ, ಎರಡೂ ಇಲ್ಲವಾ? ನಗು ಮೊದಲು ನಿಂತದ್ದು ಯಾವ ದೃಶ್ಯದಲ್ಲಿ? ಮೈಲ್ಸ್ ಬಂದಾಗ ಯಾರ ಕಡೆ ಇದ್ದಿರಿ, ಕೊನೆಯಲ್ಲಿ ಯಾರ ಕಡೆ? ಇವರಲ್ಲಿ ಯಾರನ್ನು ನಿಜ ಜೀವನದಲ್ಲಿ ಕಂಡಿದ್ದೀರಿ? ಇಷ್ಟು ಸಾಕು. ‘ಇಷ್ಟವಾಯಿತಾ’ ಅಂತ ಕೇಳಬೇಡ, ಕರೆದು ಕೂರಿಸಿ ತಿಂಡಿ ಕೊಟ್ಟವನಿಗೆ ಇಲ್ಲ ಅನ್ನುವವರು ಯಾರು. ಕಾರ್ಡನ್ನು ಮೊದಲ ಪ್ರಶ್ನೆಯ ಪ್ರಕಾರ ಮೂರು ಕಟ್ಟು ಮಾಡಿ, ಎರಡನೆಯ ಉತ್ತರ ಮಾತ್ರ ಓದು. ಆಡಿಸುವವರ ಕಟ್ಟಿನಲ್ಲಿ ನಗು ಎಲ್ಲರಿಗಿಂತ ಬೇಗ ನಿಂತಿರುತ್ತದೆ.

ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ, ಎಲ್ಲರಿಗೂ ಹೇಳಿ, ಪರದೆಯ ಕೆಳಗೆ ಒಂದು ಫೋನಿಟ್ಟು ದನಿ ಮುದ್ರಿಸು. ಮೈಕು ಜನರ ಕಡೆ, ಮೊದಲ ಸಾಲಿಗೆ ಒಂದೂವರೆ ಮೀಟರ್ ದೂರ, ಸ್ಪೀಕರಿನ ಬಾಯಿಗೆ ಬೆನ್ನು. ಇಲ್ಲದಿದ್ದರೆ ಸಿನಿಮಾದ ಸದ್ದೇ ಎಲ್ಲವನ್ನೂ ನುಂಗುತ್ತದೆ. ಕಂಪನಿಯ ಲಾಂಛನ ಬಂದಾಗ ಒಂದು ಚಪ್ಪಾಳೆ ತಟ್ಟು, ಆಮೇಲೆ ಸಿನಿಮಾದ ಹೊತ್ತಿಗೂ ಮುದ್ರಿಕೆಗೂ ತಾಳೆ ಹಾಕಲು ಅದೇ ಗುರುತು. ಕೇಳುವಾಗ ನಗುವನ್ನಷ್ಟೇ ಗುರುತು ಮಾಡಬೇಡ. ನಾಲಿಗೆ ಲೊಚಗುಟ್ಟುವ ಸದ್ದು, ‘ಛೆ’, ಕುರ್ಚಿಯ ಕಿರುಗುಟ್ಟು, ಇವನ್ನೂ ಬರೆದುಕೊ. ಈ ಸಿನಿಮಾದಲ್ಲಿ ಕುರ್ಚಿ ಕಿರುಗುಟ್ಟುವ ಜಾಗಗಳೇ ಮುಖ್ಯ.

ಎದ್ದು ಹೋದವನಿಗೆ ಫೋನ್ ಮಾಡು. ಸಿನಿಮಾದ ವಿಷಯ ಎತ್ತಬೇಡ, ಸಮಾಧಾನ ಹೇಳಲೂ ಹೋಗಬೇಡ. ಮುಂದಿನ ತಿಂಗಳ ಆ ಒಂದು ಗಂಟೆಯ ಆಟ ಆಡಿಸುತ್ತೀಯಾ ಅಂತ ಮಾತ್ರ ಕೇಳು. ಒಪ್ಪಿದರೆ ಆ ಮೂರು ‘ಆಗಲ್ಲ’ ಎಲ್ಲಿ ಬೀಳಬೇಕು ಅನ್ನುವುದನ್ನು ಅವನಿಗೇ ಬಿಡು, ನಿನಗಿಂತ ಚೆನ್ನಾಗಿ ಅವನಿಗೆ ಗೊತ್ತಿರುತ್ತದೆ. ಕಾರ್ಡುಗಳ ಫೋಟೋ ಕಳಿಸು, ಮೂರು ಕಟ್ಟು ಬೇರೆ ಬೇರೆಯಾಗಿ.

ನಿನ್ನ,
ಗೆಳೆಯ